ಇರುಳಿನ ಎಟ್ಟಿಗೊ

ಕಂಕನಾಡಿಯ ಎಂಗಳ ಮನೆ ಚಾವಡಿಲಿ ಎರಡು ಎಟ್ಟಿ ಇದ್ದು ಹೇಳಿರೆ ನಿಂಗೊಗೆ ನೆಗೆ ಬಕ್ಕು. ಮೀನುಗಾರಿಕಾ ಕಾಲೇಜು ಇಪ್ಪ ಊರೇ ಇದು, ಅದುದೇ 1969ರಿಂದ. ಆದರೆ ಆನು ಮೀನು ಮಾರ್ಕೆಟಿನ ಹತ್ರೆ ಹೋಪಗ ಸೆರಗು ಮೂಗಿಂಗೆ ಹಿಡಿವ ಜೆನ. ನೆರೆಕರೆಯ ಬಾಯಮ್ಮಂಗೆ ಗೊಂತಾದಪ್ಪಗ, “ಸಿಗಡಿ ನೋಡ್ಲಿಕ್ಕಾ? ತಿನ್ಲಿಕ್ಕಲ್ವಾ?” ಹೇಳಿ ಹೊಟ್ಟೆ ಹಿಡ್ಕೊಂಡು ನೆಗೆ ಮಾಡಿದವು.

ಟ್ಯಾಂಕು ಮಗಂದು. ಉಪ್ಪುನೀರು, ಹೊಯಿಗೆ, ಸಮುದ್ರದ ಕಲ್ಲುಗೊ, ಎರಡು ಸಣ್ಣ ಮೀನು, ಎರಡು ಎಟ್ಟಿ. ಜೀವ ಇಪ್ಪ ಗಟ್ಟಿ ಹವಳವ ಮನೆಲಿ ಮಡಗುಲಾಗ. 1972ರ ವನ್ಯಜೀವಿ ಕಾನೂನಿಲಿ ಹುಲಿಯ ಹಾಂಗೆ ಅದುದೇ ಒಂದನೇ ಶೆಡ್ಯೂಲಿಲಿ ಇದ್ದು. ಹಾಂಗಾಗಿ ಎಂಗಳಲ್ಲಿ ಕಲ್ಲು ಮಾಂತ್ರ. ಕಳುದ ವರ್ಷ ಅವಂಗೆ ಬೆಂಗ್ಳೂರಿಲಿ ಕೆಲಸ ಆತು. “ಆರು ತಿಂಗಳು ನೋಡಿಗೊ ಅಮ್ಮಾ. ಲಕ್ಷದ್ವೀಪದ ಅಗತ್ತಿಲಿ ಹೆಮ್ಮಕ್ಕೊಗೆ ಚೆಂದದ ಎಟ್ಟಿ ಸಾಂಕುಲೆ ಕಲುಶಿದ್ದವು, ನಿನಗೆ ಎರಡು ಎಟ್ಟಿ ನೋಡ್ಲೆ ಎಡಿಯದೋ?” ಹೇಳಿಕ್ಕಿ ಹೋದ.

ಕ್ಯಾಮೆಲ್ ಶ್ರಿಂಪ್ ಹೇಳಿ ಅದರ ಹೆಸರು. ಒಂಟೆಯ ಹಾಂಗೆ ಬೆನ್ನಿಲಿ ಗೂನು, ಕೆಂಪು ಮೈಲಿ ಬೆಳಿ ಗೆರೆ, ದೊಡ್ಡ ಕಣ್ಣು. ಹಗಲಿಡೀ ಕಲ್ಲಿನ ಎಡಕ್ಕಿಲಿ ಕೂದೊಂಡಿಪ್ಪದು. ಲೈಟು ನಂದುಸಿ ಎಲ್ಲೋರು ಒರಗಿದ ಮತ್ತೆ ಹೆರ ಬಂದು, ಮೀನು ತಿಂದು ಒಳುದ್ದದರ ಹೆರ್ಕಿ ತಿಂಬದು. ಎನಗೂ ಇರುಳು ಒರಕ್ಕಿಲ್ಲೆ. ಅತ್ತೆಗೆ ಎಂಬತ್ತಾರು ವರ್ಷ, ಮರವಿನ ಕಾಯಿಲೆ. ಎರಡು ಗಂಟೆಗೆ ಎದ್ದು “ಉದಿ ಆತೋ?” ಹೇಳಿ ಕೇಳುತ್ತವು.

ಟ್ಯಾಂಕಿನ ನೀರು ದಿನಾಗ್ಳೂ ರಜ ರಜ ಆವಿ ಆವುತ್ತು. ಉಪ್ಪು ಅಲ್ಲೇ ಒಳಿತ್ತು. ಹಾಂಗಾಗಿ ಕಮ್ಮಿ ಆದಷ್ಟು ಸಪ್ಪೆ ನೀರೇ ಎರೆಯೆಕ್ಕು, ಹೈಡ್ರೋಮೀಟರಿಲಿ 1.025 ಕಾಣೆಕ್ಕು. ಒಂದು ದಿನ ಫಿಲ್ಟರಿನ ನೀರು ಮುಗುದಿತ್ತು. ತಾಮ್ರದ ಕೊಡಪಾನಲ್ಲಿ ಇರುಳಿಡೀ ಮಡಗಿದ ನೀರು ಇತ್ತನ್ನೆ, ನವಗೆ ಒಳ್ಳೆದಾದ್ದು ಅದಕ್ಕೂ ಒಳ್ಳೆದು ಹೇಳಿ ಗ್ರೇಶಿ ಎರಡು ಚೆಂಬು ಎರದೆ. ಇರುಳು ಫೋನಿಲಿ ಹೇಳಿಯಪ್ಪಗ ಮಗ ಬೊಬ್ಬೆ ಹಾಕಿದ. “ಅಮ್ಮಾ, ತಾಮ್ರ ಎಟ್ಟಿಗೊಕ್ಕೆ ವಿಷ! ತಾಮ್ರ ಇಪ್ಪ ಮೀನಿನ ಮದ್ದುದೇ ಹಾಕುಲಾಗ!” ಅವ ಹೇಳಿದ ಹಾಂಗೆ ಐದರಲ್ಲಿ ಒಂದು ಪಾಲು ನೀರು ತೆಗದು, ಉಪ್ಪು ಕರಗುಸಿದ ಹೊಸ ನೀರು ಹಾಕಿದೆ.

ಮೂರನೇ ದಿನ ಉದಿಯಪ್ಪಗ ಹೊಯಿಗೆಲಿ ಒಂದು ಎಟ್ಟಿ ಬಿದ್ದೊಂಡಿತ್ತು. ಮೀಸೆ, ಕಾಲು, ಬಾಲ ಎಲ್ಲ ಇತ್ತು, ಬಣ್ಣ ಮಾಂತ್ರ ಮಾಸಿತ್ತು. ಮಗಂಗೆ ಹೇಳ್ಲೆ ಬಾಯಿ ಬಯಿಂದಿಲ್ಲೆ. ಹುಟ್ಟಿದ ಮತ್ತೆ ಮೀನು ಮುಟ್ಟದ್ದ ಕೈ, ಅದೇ ಕೈಲಿ ನಂಬಿ ಬಿಟ್ಟಿಕ್ಕಿ ಹೋದ ಜೀವವ ಕೊಂದೆನ್ನೆ ಹೇಳಿ ಆ ದಿನ ಊಟವೂ ಮೆಚ್ಚಿದ್ದಿಲ್ಲೆ.

ಇರುಳು ಎರಡು ಗಂಟೆಗೆ ಅತ್ತೆ ಎದ್ದವು. ಕೈ ಹಿಡುದು ಚಾವಡಿಗೆ ಕರಕ್ಕೊಂಡು ಬಂದೆ. ಕೆಂಪು ಬೆಣಚ್ಚು ಎಟ್ಟಿಗೊಕ್ಕೆ ಸರಿಯಾಗಿ ಕಾಣ್ತಿಲ್ಲೆ ಹೇಳಿ ಮಗ ಟಾರ್ಚಿಂಗೆ ಕೆಂಪು ಕಾಗದ ಕಟ್ಟಿ ಮಡಗಿತ್ತಿದ್ದ. ಅದರ ಹೊತ್ತುಸಿದೆ. ಅತ್ತೆ ಗಾಜಿಂಗೆ ಮೋರೆ ತಾಗುಸಿ ನೋಡಿ, “ಒಂದು... ಎರಡು” ಹೇಳಿದವು. ಎನ್ನ ಹೆಸರೇ ನೆಂಪಿಲ್ಲದ್ದವಕ್ಕೆ ಲೆಕ್ಕ ತಪ್ಪಿಕ್ಕು ಹೇಳಿ ಗ್ರೇಶಿ ಬಗ್ಗಿ ನೋಡಿದೆ. ಅಪ್ಪು! ಎರಡೂ ಕಲ್ಲಿನ ಮೇಲೆ ಮೀಸೆ ಆಡುಸಿಗೊಂಡು ಇದ್ದವು. ಹೊಯಿಗೆಲಿ ಬಿದ್ದೊಂಡಿದ್ದದು ಬರೀ ಓಡು. ಹಾವು ಪೊರೆ ಬಿಟ್ಟ ಹಾಂಗೆ ಎಟ್ಟಿ ಬೆಳವಗ ಓಡು ಕಳಚ್ಚುತ್ತಡ. ಹೊಸ ಓಡು ಗಟ್ಟಿ ಅಪ್ಪನ್ನಾರ ಹುಗ್ಗಿ ಕೂರ್ತಡ. ಮರುದಿನ ಮಗ ಹೇಳಿದ್ದು. ಅಂಬಗ ಎಲ್ಲವನ್ನೂ ಅವಂಗೆ ಹೇಳಿದೆ.

ಆರು ತಿಂಗಳು ಕಳುದತ್ತು. “ಟ್ಯಾಂಕಿನ ಆರಿಂಗಾದರೂ ಕೊಡುವನೋ?” ಹೇಳಿ ಮಗ ಕೇಳಿದ. ಬೇಡ ಹೇಳಿದೆ. ಈಗ ಅತ್ತೆ ಎದ್ದು “ಉದಿ ಆತೋ?” ಕೇಳಿರೆ, “ಆಯಿದಿಲ್ಲೆ, ಬನ್ನಿ ಅತ್ತೆ, ಎಟ್ಟಿ ಲೆಕ್ಕ ಮಾಡುವೊ” ಹೇಳ್ತೆ. ಎರಡರ ವರೆಗೆ ಎಣುಸಿ, ಸಮಾಧಾನಲ್ಲಿ ಹೋಗಿ ಒರಗುತ್ತವು.

ನಿಂಗಳಲ್ಲಿಯೂ ಇಂಥಾ ಟ್ಯಾಂಕು ಇದ್ದರೆ ತಾಮ್ರದ ಕೊಡಪಾನವ ದೂರ ಮಡಗಿ. ಹೊಯಿಗೆಲಿ ಓಡು ಕಂಡ ಕೂಡ್ಲೆ ಕೂಗೆಡಿ, ಇರುಳು ಒಂದರಿ ಲೆಕ್ಕ ಮಾಡಿ.