ಅವ್ವನ ಹಾಡಿಗೆ ಯಾವ ರಾಗ?

ನಮ್ಮವ್ವಂದಿರು ಕೂಲಿ ಹೋದಲ್ಲೆಲ್ಲ ಹಾಡಿದವರು. ಹೊಳಲ್ಕೆರೆ ಕಡೆ ಅಡಿಕೆ ತೋಟ, ಹೊಸದುರ್ಗದ ಕಡೆ ರಾಗಿ ಹೊಲ, ಹಿರಿಯೂರಿನ ಕಡೆ ಶೇಂಗಾ. ಬಗ್ಗಿ ಕಳೆ ಕೀಳುತ್ತ ಒಬ್ಬಾಕೆ ಸೊಲ್ಲು ಎತ್ತಿದರೆ ಉಳಿದವರು ಹಿಡಿಯೋರು. ಅದು ಸಂಗೀತ ಅಂತ ನಮಗೆ ಯಾರೂ ಹೇಳಲಿಲ್ಲ. ದುರ್ಗದಲ್ಲಿ ಓದುವಾಗ ಒಂದು ಸಮಾರಂಭಕ್ಕೆ ಉರುಮೆ ಹೊತ್ತು ಹೋದೆವು. ‘ಈ ಗದ್ದಲ ಹೊರಗಿರಲಿ, ಒಳಗೆ ಸಂಗೀತ ನಡೀತಿದೆ’ ಅಂದರು. ಹೊರಗೇ ನಿಂತೆವು. ಅವತ್ತಿನಿಂದ ‘ಶಾಸ್ತ್ರೀಯ’ ಅನ್ನೋ ಮಾತು ಕಿವಿಗೆ ಬಿದ್ದರೆ ಬಾಗಿಲು ಹಾಕಿದ ಸದ್ದೇ ಕೇಳುತ್ತಿತ್ತು.

ಆಮೇಲೆ ಒಂದು ರಾತ್ರಿ ಹಾಸ್ಟೆಲ್ಲಿನ ಗೆಳೆಯನ ಮೊಬೈಲಿನಲ್ಲಿ ಕುಮಾರ ಗಂಧರ್ವರ ದನಿ ಕೇಳಿದೆವು. ಕಬೀರನ ಪದ. ಭಾಷೆ ತಿಳಿಯಲಿಲ್ಲ, ಆದರೆ ಆ ದನಿ ನಮ್ಮ ಕೇರಿಯ ತತ್ವಪದದವರನ್ನು ನೆನಪಿಗೆ ತಂದಿತು.

ಯಾರಪ್ಪಾ ಈತ ಅಂತ ಹುಡುಕಿದೆವು. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕನ್ನಡದ ಹುಡುಗ ಶಿವಪುತ್ರ. ಚಿಕ್ಕಂದಿನಲ್ಲೇ ಹೆಸರಾದ ಹಾಡುಗಾರ. ಕ್ಷಯ ತಗುಲಿ, ಒಣಹವೆ ಬೇಕೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ವೈದ್ಯರು ಹಾಡಬಾರದು ಅಂದರು. ವರ್ಷಗಟ್ಟಲೆ ಮಲಗಿದವರ ಕಿವಿಗೆ ಬಿದ್ದದ್ದು ಆ ಸೀಮೆಯ ಹೆಂಗಸರ ಹಾಡು, ಬೀದಿಯ ಜೋಗಿಗಳ ಕಬೀರ. ಜನಪದ ಧಾಟಿ ನಾಲ್ಕೈದು ಸ್ವರದೊಳಗೇ ಓಡಾಡುತ್ತದೆ. ಆ ಓಡಾಟದ ಜಾಡು ಹಿಡಿದು, ಅದನ್ನೇ ಬೆಳೆಸಿ ಹೊಸ ರಾಗ ಕಟ್ಟಿದರು. ಧುನಿನಿಂದ ಹುಟ್ಟಿದ್ದು ಅಂತ ‘ಧುನ್-ಉಗಮ’ ಎಂದು ಕರೆದರು. 1965ರಲ್ಲಿ ‘ಅನೂಪ ರಾಗ ವಿಲಾಸ’ ಎಂಬ ಪುಸ್ತಕವನ್ನೂ ತಂದರು. ಒಂದು ಶ್ವಾಸಕೋಶ ಸೋತುಹೋಗಿತ್ತು. ಆ ತುಂಡು ಉಸಿರನ್ನೇ ತಮ್ಮ ಗಾಯನದ ನಡೆ ಮಾಡಿಕೊಂಡರು. ಬಗ್ಗಿ ದುಡಿಯುತ್ತ ಹಾಡುವ ನಮ್ಮವ್ವನ ಉಸಿರೂ ಹಂಗೇ ತುಂಡಾಗುತ್ತಿತ್ತು.

ಒಳಗೆ ನಡೆಯುತ್ತಿದ್ದ ಸಂಗೀತದ ಬೇರು ಹೊರಗೆ ನಿಂತ ನಮ್ಮಲ್ಲೇ ಇತ್ತು! ಇದನ್ನು ಅವರು ಮುಚ್ಚಿಡಲಿಲ್ಲ, ಬಾಯಿಬಿಟ್ಟು ಹೇಳಿದರು. ಅದಕ್ಕೇ ಅವರ ಮೇಲೆ ನಮಗೆ ಗೌರವ. ಆದರೂ ಒಂದು ಪ್ರಶ್ನೆ ಬಿಡದು. 1990ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, 1992ರಲ್ಲಿ ತೀರಿಕೊಂಡಾಗ ದೇಶವೇ ನೆನೆಯಿತು. ಕಿಟಕಿಯಾಚೆ ಹಾಡಿಕೊಂಡು ಹೋದ ಆ ಹೆಂಗಸರು ಯಾರು? ನಾವು ಓದಿದ ಕಡೆ ಅವರ ಹೆಸರು ಸಿಕ್ಕಲಿಲ್ಲ.

ನಮ್ಮ ಜಿಲ್ಲೆಯಲ್ಲೇ ಬೇರೆ ದಾರಿಯೂ ಉಂಟು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವಳಲ್ಲ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಬರೆದುಕೊಂಡಾಗ ಹಾಡಿನ ಜೊತೆ ಆಕೆಯ ಹೆಸರೂ ಉಳಿಯಿತು.

ಮೊನ್ನೆ ಊರಿಗೆ ಹೋದಾಗ ಅವ್ವನಿಗೆ ಕುಮಾರ ಗಂಧರ್ವರನ್ನು ಕೇಳಿಸಿದೆವು. ‘ಚೆಂದಾಗಿ ಹಾಡ್ತಾನೆ ಕಣಪ್ಪಾ. ಒಂದೇ ಸೊಲ್ಲು ಇಷ್ಟೊತ್ತು ಹಿಡಕೊಂಡು ಕುಂತ್ರೆ ಕಳೆ ಕೀಳೋದು ಯಾವಾಗ?’ ಅಂದು ನಕ್ಕಳು. ಆಮೇಲೆ ತಾನೇ ಒಂದು ಪದ ಎತ್ತಿದಳು. ಬರೆದುಕೊಂಡೆವು. ಕೆಳಗೆ ಅವ್ವನ ಹೆಸರು, ಊರು, ಕೇರಿ ಹಾಕಿದೆವು. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಗೆಳೆಯರೇ, ನೀವು ಹಾಡು ಬರೆದುಕೊಳ್ಳುವಾಗ ‘ಜನಪದ’ ಅಂತ ಮಾತ್ರ ಬರೆದು ಬಿಡಬೇಡಿ. ಹಾಡಿದಾಕೆಯ ಹೆಸರು ಕೇಳಿ, ಬರೆಯಿರಿ.