ಉಪ್ಪು ಹೊಳೆಯ ಪಟ್ಟೆ ಮೀನು

ಪ್ಲೇನೋ, ಟೆಕ್ಸಾಸ್
ಮೇ 18

ಚಿ. ತಮ್ಮನಿಗೆ,

ಮನೆಯ ಸುದ್ದಿಯನ್ನೆಲ್ಲ ನಿನ್ನ ಅತ್ತಿಗೆ ಫೋನಿನಲ್ಲಿ ಹೇಳಿರುತ್ತಾಳೆ. ಈ ಕಾಗದ ಬರೀ ಮೀನಿನ ವಿಷಯಕ್ಕೆ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧ ಮರೆತುಹೋಗುತ್ತದೆ. ಕೊನೆಯಲ್ಲಿ ನಿನ್ನಿಂದ ಒಂದು ಕೆಲಸವೂ ಆಗಬೇಕು, ಪೂರ್ತಿ ಓದು.

ಮೊನ್ನೆ ಶನಿವಾರ ಅಳಿಯ ನನ್ನನ್ನು ಟೆಕ್ಸೋಮಾ ಕೆರೆಗೆ ಕರೆದುಕೊಂಡು ಹೋಗಿದ್ದ. ಕೆರೆ ಅನ್ನುತ್ತಾರೆ, ಆದರೆ ಅದು ನಮ್ಮ ಲಿಂಗನಮಕ್ಕಿ ಹಿನ್ನೀರಿನಂಥದ್ದೇ. ರೆಡ್ ರಿವರ್ ಎಂಬ ಹೊಳೆಗೆ ಡೆನಿಸನ್ ಊರಿನ ಹತ್ತಿರ ಸೈನ್ಯದ ಎಂಜಿನಿಯರುಗಳು 1944ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದರು. ಸುಮಾರು 89,000 ಎಕರೆ ನೀರು, ಲಿಂಗನಮಕ್ಕಿಗಿಂತ ಸ್ವಲ್ಪ ದೊಡ್ಡದು. ಈ ದಡ ಟೆಕ್ಸಾಸ್, ಆ ದಡ ಒಕ್ಲಹೋಮಾ, ಎರಡನ್ನೂ ಕೂಡಿಸಿ ಟೆಕ್ಸೋಮಾ. ಕಟ್ಟಿದ ಮೇಲೆ ಅದು ಕೋಡಿ ಹರಿದದ್ದು ನಾಲ್ಕೇ ವರ್ಷ: 1957, 1990, 2007, 2015. ನೀರಿನಡಿ ಹ್ಯಾಗರ್‌ಮನ್, ಪ್ರೆಸ್ಟನ್ ಎಂಬ ಊರುಗಳಿವೆ. ಅದನ್ನು ಕೇಳಿದಾಗ ಅಪ್ಪ ನೆನಪಾದರು. ಲಾಂಚಿನಲ್ಲಿ ಹೋಗುವಾಗೆಲ್ಲ ನೀರಿನ ಒಂದು ಜಾಗಕ್ಕೆ ಕೈ ತೋರಿಸಿ, ನಮ್ಮ ಹಳೇ ಮನೆ ಅಲ್ಲಿತ್ತು ಅನ್ನುತ್ತಿದ್ದರಲ್ಲ. ಇಲ್ಲಿ ಯಾರಾದರೂ ಹಾಗೆ ಕೈ ತೋರಿಸುವವರು ಉಳಿದಿದ್ದಾರೋ ಏನೋ.

ನಾವು ದಡ ಮುಟ್ಟಿದಾಗ ಇನ್ನೂ ಕತ್ತಲೆ. ದೋಣಿಯವನು ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಮೊದಲು ಅವನು ಮಾಡಿದ್ದು ಏನು ಗೊತ್ತೇನೋ? ಬೀಸುಬಲೆ ಬೀಸಿದ್ದು! ಬಲೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಸೊಂಟ ತಿರುಗಿಸಿ ಬಿಟ್ಟ. ಬಲೆ ದುಂಡಗೆ ಬಿಚ್ಚಿಕೊಂಡು ಲೈಟಿನ ಬೆಳಕಿನಲ್ಲಿ ನೀರಿನ ಮೇಲೆ ಬಿತ್ತು. ಇಷ್ಟು ದೂರ ಬಂದು ನನಗೆ ಗೊತ್ತಿರುವ ಕೆಲಸವನ್ನೇ ಮೊದಲು ನೋಡಿದೆನಲ್ಲ ಅಂತ ಮನಸ್ಸು ತುಂಬಿ ಬಂತು. ಬಲೆಗೆ ಬಿದ್ದದ್ದು ಶ್ಯಾಡ್ ಎಂಬ ಬೆಳ್ಳಿ ಬಣ್ಣದ, ಗೇಣಿಗಿಂತ ಚಿಕ್ಕ ಮೀನು. ಅದೇ ಗಾಳಕ್ಕೆ ಎರೆ. ಅವನ್ನು ಹಾಕಿಡುವ ತೊಟ್ಟಿ ದುಂಡಗಿತ್ತು. ಮೂಲೆ ಇದ್ದರೆ ಅಲ್ಲೇ ಒತ್ತಿಕೊಂಡು ಸಾಯುತ್ತವಂತೆ. ನೀರಿಗೆ ಎರಡು ಹಿಡಿ ಉಪ್ಪನ್ನೂ ಹಾಕಿದ, ಮೀನು ಗಾಬರಿಯಲ್ಲಿ ಬೇಗ ಸೋಲಬಾರದೆಂದು.

ಈಗ ನಾವು ಹಿಡಿಯಲು ಹೋದ ಮೀನಿನ ಕಥೆ. ಹೆಸರು ಸ್ಟ್ರೈಪ್ಡ್ ಬಾಸ್, ಬಾಯಿಮಾತಿನಲ್ಲಿ ಸ್ಟ್ರೈಪರ್. ಇದು ಹುಟ್ಟಾ ಕೆರೆಯ ಮೀನಲ್ಲ, ಅಟ್ಲಾಂಟಿಕ್ ಸಮುದ್ರದ್ದು. ಸಮುದ್ರದಲ್ಲಿ ಬೆಳೆದು, ವಸಂತದಲ್ಲಿ ಹೊಳೆ ಹತ್ತಿ ಸಿಹಿನೀರಿನಲ್ಲಿ ತತ್ತಿ ಇಡುತ್ತದೆ. ಸೌತ್ ಕೆರೊಲಿನಾದಲ್ಲಿ 1940ರ ಸುಮಾರಿಗೆ ಸ್ಯಾಂಟೀ-ಕೂಪರ್ ಅಣೆಕಟ್ಟುಗಳನ್ನು ಕಟ್ಟಿದಾಗ ಹೀಗೆ ಮೇಲೆ ಬಂದ ಮೀನು ಒಳಗೇ ಸಿಕ್ಕಿಕೊಂಡವು. ಸಮುದ್ರವಿಲ್ಲದೆ ಸತ್ತೇಹೋಗಬೇಕಿತ್ತು. ಸಾಯಲಿಲ್ಲ, ಸಂಸಾರ ಹೂಡಿದವು. ಅದನ್ನು ಕಂಡ ಮೇಲೆ ಬೇರೆ ಬೇರೆ ರಾಜ್ಯಗಳವರು ತಮ್ಮ ಕೆರೆಗಳಿಗೂ ಮರಿ ತಂದು ಬಿಡತೊಡಗಿದರು. ಟೆಕ್ಸೋಮಾಕ್ಕೆ 1965ರಲ್ಲಿ ಬಂತು.

ಬಹಳಷ್ಟು ಕೆರೆಗಳಲ್ಲಿ ಈ ಮೀನು ಬದುಕುತ್ತದೆ, ಬೆಳೆಯುತ್ತದೆ, ಆದರೆ ಸಂತಾನ ಮುಂದುವರಿಯುವುದಿಲ್ಲ. ಮತ್ತೆ ಮತ್ತೆ ಮರಿ ಬಿಡುತ್ತಿರಬೇಕು. ಟೆಕ್ಸೋಮಾದಲ್ಲಿ ಹಾಗಲ್ಲ, ತಾನೇ ಮರಿ ಮಾಡಿಕೊಂಡು ಹೋಗುತ್ತಿದೆ. ಯಾಕೆಂದರೆ, ತಮ್ಮಾ, ಇದರ ತತ್ತಿ ಕಲ್ಲಿಗೆ, ಹುಲ್ಲಿಗೆ ಅಂಟಿಕೊಳ್ಳುವ ಜಾತಿಯದಲ್ಲ. ಹೆಣ್ಣು ಲಕ್ಷಗಟ್ಟಲೆ ತತ್ತಿಯನ್ನು ಹರಿಯುವ ನೀರಿಗೆ ಬಿಡುತ್ತದೆ. ಅವು ಮುಳುಗದೆ, ಮೇಲೆ ಬರದೆ, ನಡುನೀರಿನಲ್ಲಿ ಉರುಳುತ್ತ ಹೋಗಬೇಕು. ಒಡೆಯಲು ಎರಡು ದಿನದಷ್ಟು ಬೇಕು. ಅಷ್ಟರೊಳಗೆ ನೀರು ನಿಂತರೆ ತಳಕ್ಕೆ ಕೂತು, ಕೆಸರು ಮುಚ್ಚಿ ಸಾಯುತ್ತವೆ. ಟೆಕ್ಸೋಮಾಕ್ಕೆ ಮೇಲಿನಿಂದ ರೆಡ್ ರಿವರ್, ವಾಶಿಟಾ ಎರಡು ಹೊಳೆ ಬಂದು ಸೇರುತ್ತವೆ. ಎರಡೂ ತತ್ತಿಗೆ ಬೇಕಾಗುವಷ್ಟು ದೂರ ತಡೆಯಿಲ್ಲದೆ ಹರಿಯುತ್ತವೆ. ಮೇಲೆ ಪಶ್ಚಿಮದ ಒಣ ಸೀಮೆಯಲ್ಲಿ ನೆಲದೊಳಗೆ ಬಹು ಹಳೆಯ ಉಪ್ಪಿನ ಪದರಗಳಿದ್ದು, ಅಲ್ಲಿಯ ಒರತೆಗಳು ಉಪ್ಪು ಕರಗಿಸಿ ಹೊಳೆಗೆ ತರುತ್ತವೆ. ಹಾಗಾಗಿ ಕೆರೆಯ ನೀರೂ ಅಷ್ಟು ಸಪ್ಪೆಯಲ್ಲ. ಸಮುದ್ರದ ಮೀನಿಗೆ ತವರಿನ ರುಚಿ ಒಂದಿಷ್ಟು ಸಿಕ್ಕಿದೆ.

ಬೆಳಕು ಹರಿಯುವಾಗ ನೀರಿನೊಳಗಿನ ಒಂದು ದಿಬ್ಬದ ಮೇಲೆ ದೋಣಿ ನಿಲ್ಲಿಸಿದೆವು. ಮೀನು ತೋರಿಸುವ ಯಂತ್ರದ ಪರದೆಯಲ್ಲಿ ತಳದಿಂದ ಸ್ವಲ್ಪ ಮೇಲೆ ಕಮಾನು ಕಮಾನಾಗಿ ಗೆರೆ ಕಾಣುತ್ತಿತ್ತು, ಒಂದೊಂದು ಕಮಾನೂ ಒಂದೊಂದು ಮೀನು. ದೋಣಿಯವನು ಶ್ಯಾಡಿನ ಮೂಗಿನ ಹೊಳ್ಳೆಯಲ್ಲಿ ಗಾಳ ಚುಚ್ಚಿ, ಸೀಸದ ಗುಂಡಿನ ಭಾರಕ್ಕೆ ಕೆಳಗಿಳಿಸಿ, ತಳ ತಾಗಿದ ಮೇಲೆ ರೀಲನ್ನು ನಾಲ್ಕೈದು ಸುತ್ತು ಎತ್ತಿ ಬಿಟ್ಟ. ಆಮೇಲೆ ಅವನು ಒಂದು ದಪ್ಪ ಕೋಲು ತೆಗೆದುಕೊಂಡು ದೋಣಿಯ ನೆಲಕ್ಕೆ ಧಡ್, ಧಡ್ ಎಂದು ಒಂದೇ ಲಯದಲ್ಲಿ ಕುಟ್ಟತೊಡಗಿದ. ನಮ್ಮಲ್ಲಿ ಗಾಳ ಹಾಕಿ ಕೂತಾಗ ಕೆಮ್ಮಿದರೂ ಅಪ್ಪ ಕಣ್ಣು ಬಿಡುತ್ತಿದ್ದರು. ಇಲ್ಲಿ ಸದ್ದು ಕೇಳಿ ಸ್ಟ್ರೈಪರ್ ಹತ್ತಿರ ಬರುತ್ತದೆ. ನಾನೇ ಪರದೆಯಲ್ಲಿ ಗೆರೆಗಳು ಒಟ್ಟಾಗುವುದನ್ನು ನೋಡಿದೆ.

ಮೊದಲು ಗಾಳದ ಕೋಲಿನ ತುದಿ ಸಣ್ಣಗೆ ನಡುಗುತ್ತದೆ. ಅದು ಮೀನು ಕಚ್ಚಿದ್ದಲ್ಲ, ದೊಡ್ಡದು ಹತ್ತಿರ ಬಂದದ್ದಕ್ಕೆ ಎರೆ ಹೆದರಿ ಒದ್ದಾಡುವುದು. ಮರುಕ್ಷಣ ಕೋಲು ನೀರಿನವರೆಗೂ ಬಾಗಿತು. ಅಭ್ಯಾಸಬಲದಿಂದ ನಾನು ರಪ್ಪನೆ ಜಗ್ಗಿಬಿಟ್ಟೆ, ಮೀನು ಹೋಯಿತು. ಇಲ್ಲಿಯ ಗಾಳದ ತುದಿ ಒಳಕ್ಕೆ ಬಾಗಿ ಹೆಚ್ಚುಕಮ್ಮಿ ಉಂಗುರದಂತಿರುತ್ತದೆ. ಜಗ್ಗದೆ ನಿಧಾನ ಸುತ್ತುತ್ತ ಹೋದರೆ ತಾನೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಎರಡನೆಯದಕ್ಕೆ ಕೈ ಕಟ್ಟಿಕೊಂಡಂತೆ ತಡೆದು ನಿಂತೆ. ಏನು ಎಳೆತ ಅಂತೀಯ! ಮೇಲಕ್ಕೆ ಹಾರುವುದಿಲ್ಲ, ಕೆಳಕ್ಕೇ ನುಗ್ಗುತ್ತದೆ, ರೀಲಿನಿಂದ ದಾರ ಕಿರ್ರೆನ್ನುತ್ತ ಹೋಗುತ್ತದೆ. ಮೇಲೆ ಬಂದಾಗ ಬೆನ್ನು ಹಸಿರುಗಪ್ಪು, ಪಕ್ಕೆ ಬೆಳ್ಳಿ, ಅದರ ಮೇಲೆ ಕಿವಿರಿನಿಂದ ಬಾಲದವರೆಗೆ ಏಳು ಕಪ್ಪು ಗೆರೆ. ಬಾಬ್ತಿನ ಪುಸ್ತಕಕ್ಕೆ ಅಪ್ಪ ಅಡ್ಡಪಟ್ಟಿ ಇಟ್ಟು ಎಳೆಯುತ್ತಿದ್ದ ಗೆರೆಯ ಹಾಗೆ, ಆದರೆ ಎರಡು ಕಡೆ ತುಂಡಾಗಿತ್ತು. ಬೆನ್ನ ಮೇಲೆ ಎರಡು ಬೇರೆ ಬೇರೆ ರೆಕ್ಕೆ, ಮುಂದಿನದು ಮುಳ್ಳಿನದು. ಬಿಸಿಲಿಗೆ ಹಿಡಿದಾಗ ಹುರುಪೆಯಲ್ಲಿ ನೇರಳೆ ಬಣ್ಣ ಮಿಂಚಿ ಹೋಯಿತು. ಸತ್ತ ಮೇಲೆ ಆ ಬಣ್ಣ ಇರಲಿಲ್ಲ.

ಇಲ್ಲಿಯ ಕಾನೂನಿನಂತೆ ಒಬ್ಬರಿಗೆ ದಿನಕ್ಕೆ ಹತ್ತು ಮೀನು, ಅದರಲ್ಲಿ ಇಪ್ಪತ್ತು ಇಂಚು ಮುಟ್ಟಿದವು ಎರಡೇ. ನಾವು ಹತ್ತಕ್ಕೆ ಹೋಗಲಿಲ್ಲ, ನನಗೆ ನಾಲ್ಕು, ಅಳಿಯನಿಗೆ ಮೂರು ಸಾಕೆಂದೆ. ಬೇಸಿಗೆ ಏರಿದ ಮೇಲೆ ಹಿಡಿದು ಬಿಟ್ಟರೂ ಬದುಕುವುದು ಕಷ್ಟ. ಮೇಲಿನ ನೀರು ಬಿಸಿ, ತಳದಲ್ಲಿ ಉಸಿರಿಲ್ಲ, ದೊಡ್ಡ ಮೀನು ಮೊದಲೇ ಎರಡರ ನಡುವೆ ಒದ್ದಾಡುತ್ತಿರುತ್ತದೆ. ಹಾಗಾಗಿ ಬೇಕಾದಷ್ಟು ಹಿಡಿದು ಗಾಳ ಎತ್ತುವುದೇ ಮರ್ಯಾದೆ.

ದಡದಲ್ಲಿ ದೋಣಿಯವನು ಕರೆಂಟಿನ ಚಾಕುವಿನಲ್ಲಿ ಎರಡು ಪಕ್ಕೆ ತೆಗೆದು, ನಡುವಿನ ಕೆಂಪು ಮಾಂಸವನ್ನೂ ಕೆತ್ತಿ ಬಿಸಾಕಿದ, ಅದಕ್ಕೆ ವಾಸನೆ ಜಾಸ್ತಿಯಂತೆ. ತಲೆಗಳನ್ನೂ ಎಸೆಯುವುದರಲ್ಲಿದ್ದ. ಎರಡನ್ನು ಕೇಳಿ ಇಸ್ಕೊಂಡೆ. ನಿನ್ನ ಅತ್ತಿಗೆ ಹುಳಿಗೆ ಊರಿಂದ ತಂದ ವಾಟೆಪುಡಿ ಹಾಕಿ ಸಾರು ಮಾಡಿದಳು. ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು.

ಈಗ ನಿನ್ನ ಕೆಲಸ. ಈ ಮೀನಿನ ಕಥೆ ಕೇಳಿದಾಗಿನಿಂದ ಮಳೆಗೆ ಹಳ್ಳ ಹತ್ತುವ ನಮ್ಮ ಹತ್ತುಮೀನು ತಲೆಯಲ್ಲಿ ಕೂತಿದೆ. ಇನ್ನೇನು ಮಳೆ ಹಿಡಿಯುತ್ತದೆ. ಹಿನ್ನೀರಿನಿಂದ ಹಳ್ಳ ಹತ್ತಿ ಗದ್ದೆಯವರೆಗೆ ಬರುವ ಮೀನಿನ ಹೊಟ್ಟೆ ತುಂಬ ತತ್ತಿ ಇರುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಹಳ್ಳದ ಈ ದಡದಿಂದ ಆ ದಡಕ್ಕೆ ಅಡ್ಡ ಕಟ್ಟಿ, ಮೀನು ಸಿಕ್ಕಿಬೀಳುವ ಕೂಣಿ ಇಟ್ಟವರು ನಾವೇ. ನಾನು ಚಿಕ್ಕವನಿದ್ದಾಗ ಒಂದು ರಾತ್ರಿಗೆ ಬುಟ್ಟಿ ತುಂಬುತ್ತಿತ್ತು. ಹೋದ ವರ್ಷ ನೀನು ಮೂರು ರಾತ್ರಿ ಇಟ್ಟು ಎಷ್ಟು ಸಿಕ್ಕಿತೆಂದು ಹೇಳಿದ್ದೆಯಲ್ಲ. ಕೂಣಿ ಇಡಬೇಡ ಅನ್ನುವುದಿಲ್ಲ. ಆದರೆ ಈ ಸಲ ಹಳ್ಳದ ಅರ್ಧಕ್ಕೆ ಮಾತ್ರ ಕಟ್ಟು. ಆಚೆ ದಡದ ಅತ್ತಿಮರದ ಬುಡದಲ್ಲಿ ನೀರು ಆಳವಾಗಿ ಹೋಗುವ ಜಾಗವಿದೆಯಲ್ಲ, ಅದನ್ನು ಬಿಟ್ಟುಬಿಡು. ಕೆಳಗಿನ ಮನೆಯವರಿಗೂ ಹೇಳು, ನಾನು ಹೇಳಿದೆ ಅಂತಲೇ ಹೇಳು. ನಾನು ಆಗಸ್ಟಿನಲ್ಲಿ ಬರುತ್ತೇನೆ, ಬಂದವನೇ ಹಳ್ಳಕ್ಕೆ ಹೋಗಿ ನೋಡುತ್ತೇನೆ.

ಒಂದು ಡಬ್ಬಿ ಉಂಗುರದ ಗಾಳ ನಿನಗೆಂದು ತೆಗೆದಿಟ್ಟಿದ್ದೇನೆ.

ಇಂತಿ,
ನಿನ್ನ ಅಣ್ಣ