ಆಹಾರ ಸರಪಳಿಯೂ ಅಂಟಾರ್ಕ್ಟಿಕಾದ ಹಿಮವೂ

ಒಂಬತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ದಕ್ಷಿಣ ಧ್ರುವ ಪ್ರದೇಶದ ಆಹಾರ ಸರಪಳಿಯನ್ನು ಪ್ರತಿ ವರ್ಷವೂ ಒಂದೇ ರೀತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ: ಪಾಚಿ, ಕ್ರಿಲ್, ಪೆಂಗ್ವಿನ್, ಸೀಲ್. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಮಂಜುಗಡ್ಡೆ ಎಲ್ಲಿ ಬರುತ್ತೆ?" ಎಂದು ಕೇಳಿದ. "ಅದೇನು ಜೀವಿಯೇನೋ? ಕೂತ್ಕೋ" ಎಂದು ಗದರಿದೆ. ತರಗತಿಯೆಲ್ಲ ನಕ್ಕಿತು. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಅವನು ಕೇಳಿದ್ದೇ ಪಾಠದ ಮುಖ್ಯ ಭಾಗವೆಂದು ತಿಳಿದದ್ದು ನಿವೃತ್ತನಾದ ಮೇಲೆ, ಬಿಡುವಾಗಿ ಓದತೊಡಗಿದಾಗ. ಅಂಟಾರ್ಕ್ಟಿಕಾದ ಸುತ್ತ ಚಳಿಗಾಲದಲ್ಲಿ ಕಡಲಿನ ಮೇಲ್ಮೈ ಹೆಪ್ಪುಗಟ್ಟುತ್ತದೆ. ಆ ಹಿಮದ ಅಡಿಭಾಗಕ್ಕೆ ಪಾಚಿ ಅಂಟಿ ಬೆಳೆಯುತ್ತದೆ. ಸೀಗಡಿಯಂಥ ಕ್ರಿಲ್‌ಗಳ ಮರಿಗಳು, ಬೇರೆ ಆಹಾರ ವಿರಳವಾದ ಆ ತಿಂಗಳುಗಳಲ್ಲಿ, ಅದನ್ನೇ ಕೆರೆದು ತಿಂದು ಬದುಕುತ್ತವೆ. ಭೂಮಿಯ ತಾಪವೇರಿ ಈ ಹಿಮ ಕಡಿಮೆಯಾದರೆ ನಾನು ಬರೆದ ಸರಪಳಿಯ ಮೊದಲ ಕೊಂಡಿಯೇ ಸಡಿಲವಾಗುತ್ತದೆ.

ಎಂಪರರ್ ಪೆಂಗ್ವಿನ್‌ಗಳಿಗಂತೂ ಈ ಹಿಮವೇ ಬಾಣಂತಿಯ ಕೋಣೆ. ಮೇ-ಜೂನ್‌ನಲ್ಲಿ ಹೆಣ್ಣು ಒಂದೇ ಮೊಟ್ಟೆಯಿಟ್ಟು ಕಡಲಿಗೆ ತೆರಳುತ್ತದೆ. ಗಂಡು ಅದನ್ನು ಪಾದಗಳ ಮೇಲಿರಿಸಿಕೊಂಡು, ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ, ಸುಮಾರು 65 ದಿನ ಏನನ್ನೂ ತಿನ್ನದೆ ಕಾವು ಕೊಡುತ್ತದೆ. (ನಮ್ಮಲ್ಲಿ ಏಕಾದಶಿಯ ಉಪವಾಸವನ್ನೇ ಊರಿಗೆಲ್ಲ ಹೇಳಿಕೊಂಡು ಬರುವವರಿದ್ದಾರೆ.) ಮರಿಗೆ ನೀರು ತಡೆಯುವ ಗರಿಗಳು ಮೂಡಲು ಡಿಸೆಂಬರ್ ಬರಬೇಕು. ಅಲ್ಲಿಯವರೆಗೆ ಕಾಲಡಿಯ ಹಿಮ ಗಟ್ಟಿಯಾಗಿರಲೇಬೇಕು.

2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಆ ಹಿಮ ಅವಧಿಗೆ ಮುನ್ನವೇ ಒಡೆಯಿತು. ಅಲ್ಲಿ ತಿಳಿದಿದ್ದ ಐದು ಪೆಂಗ್ವಿನ್ ನೆಲೆಗಳ ಪೈಕಿ ನಾಲ್ಕರಲ್ಲಿ ಒಂದು ಮರಿಯೂ ಉಳಿದಿರಲಾರದೆಂದು ವಿಜ್ಞಾನಿಗಳು ಬರೆದರು. ಇದನ್ನು ಅವರು ಕಂಡುಕೊಂಡದ್ದು ಉಪಗ್ರಹದ ಚಿತ್ರಗಳಿಂದ. ಬಿಳಿ ಹಿಮದ ಮೇಲೆ ಹಿಕ್ಕೆಯ ಕಂದು ಕಲೆ ಕಂಡರೆ ಅಲ್ಲಿ ಪೆಂಗ್ವಿನ್‌ಗಳಿವೆ ಎಂದರ್ಥ. ಕಲೆಯಿದ್ದ ಜಾಗದಲ್ಲಿ ಹಿಮವೇ ಇರಲಿಲ್ಲ. ದೊಡ್ಡ ಹಕ್ಕಿಗಳೇನೋ ಈಜಿ ಪಾರಾಗುತ್ತವೆ, ಬೇರೆ ನೆಲೆಯನ್ನೂ ಹುಡುಕಿಕೊಂಡಾವು. ಆದರೆ ನಯವಾದ ಬೂದು ತುಪ್ಪಳದ ಆ ಮರಿಗಳು ನೀರಿಗೆ ಬಿದ್ದ ಗಳಿಗೆಯನ್ನು ನೆನೆದಾಗಲೆಲ್ಲ ನನಗೆ ಹಿಂದಿನ ಬೆಂಚು ಕಣ್ಣಮುಂದೆ ಬರುತ್ತದೆ.

ಮೊನ್ನೆ ಮೊಮ್ಮಗಳು ಅದೇ ಸರಪಳಿಯನ್ನು ಬರೆದು ತೋರಿಸಲು ತಂದಳು. ಪಾಚಿಗಿಂತ ಮೊದಲು "ಹಿಮ" ಎಂದು ಸೇರಿಸಿದೆ.

"ಇದು ಪುಸ್ತಕದಲ್ಲಿಲ್ಲ ತಾತ, ಮಿಸ್ ಮಾರ್ಕ್ಸ್ ಕೊಡಲ್ಲ" ಎಂದು ಅಳಿಸುವ ರಬ್ಬರು ಹುಡುಕತೊಡಗಿದಳು.